ರೋಗ ತಡವಾಗಲಿ, ಪತ್ತೆ ತಡವಾಗದಿರಲಿ

(ಮಿಲ್ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ತುಟ್ಟಿಭತ್ಯ, ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆ ಇವುಗಳ ಮಾತು ಕೇಳಲು ಕೂಡುವ ಈ ಸಭೆಯಲ್ಲಿ ಇಂದು ನಾವು ಮಕ್ಕಳ ಸಕ್ಕರೆ ಕಾಯಿಲೆಯ ಮಾತೆತ್ತಿದ್ದೇವೆ. ಕೆಲವರಿಗೆ ಇದು ವಿಚಿತ್ರವಾಗಿ ಕಂಡೀತು. ಸಕ್ಕರೆ ಕಾಯಿಲೆ ಎಂದರೆ ಗಾದಿಯ ಮೇಲೆ ಕೂತು ತಿನ್ನುವವರಿಗೆ, ಅದೂ ನಲವತ್ತು ದಾಟಿದ ಮೇಲೆ ಬರುವ ರೋಗವೆಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಆಡುವ ಮಕ್ಕಳಿಗೂ ಅದಕ್ಕೂ ಏನು ಸಂಬಂಧ, ನಮ್ಮ ಪಕ್ಷಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಇದು ಇಂಥವರ ಮನೆ ಎಂದಲ್ಲ. ಯಾರ ಮನೆಯಲ್ಲಾದರೂ ನಡೆಯಬಹುದಾದದ್ದು. ತಂದೆ ರಾತ್ರಿ ಪಾಳಿಗೆ ಹೋಗುತ್ತಾನೆ. ಏಳು ವರ್ಷದ ಮಗಳು ರಾತ್ರಿ ನಾಲ್ಕು ಸಲ ಎದ್ದು ನೀರು ಕುಡಿಯುತ್ತಾಳೆ. ಎಂದೋ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದಿದೆ. ಇಷ್ಟು ದೊಡ್ಡವಳಾಗಿ ನಾಚಿಕೆಯಿಲ್ಲವೇ ಎಂದು ತಾಯಿ ಗದರಿಸುತ್ತಾಳೆ. ಹುಡುಗಿ ಹಸಿವು ಹಸಿವು ಎಂದು ತಿನ್ನುತ್ತಾಳೆ; ಆದರೂ ಲಂಗ ಸೊಂಟದಲ್ಲಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಪದೇ ಪದೇ ಹೊರಗೆ ಹೋಗಬೇಕೆಂದು ಕೇಳಿ ಮೇಷ್ಟರಿಂದ ಬೈಸಿಕೊಳ್ಳುತ್ತಾಳೆ. ಜಂತುಹುಳುವಿರಬೇಕೆಂದು ಒಂದು ಔಷಧಿ ಕೊಟ್ಟಾಯಿತು. ದೃಷ್ಟಿ ತಾಗಿದೆ ಎಂದು ಅಜ್ಜಿ ನಿವಾಳಿಸಿ ತೆಗೆದದ್ದೂ ಆಯಿತು. ಮೂರನೆಯ ವಾರ ಹೊಟ್ಟೆನೋವು, ವಾಂತಿ. ಮಾರನೆಯ ದಿನ ಏದುಸಿರು, ಮೈಮೇಲೆ ಎಚ್ಚರವಿಲ್ಲದ ಮಂಪರು. ಆಗ ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಓಡುತ್ತಾರೆ. ಅಲ್ಲಿ ಕೇಳುವ ಮೊದಲ ಮಾತು: "ಇಷ್ಟು ದಿನ ಏನು ಮಾಡುತ್ತಿದ್ದಿರಿ?"

ಏನು ಮಾಡುತ್ತಿದ್ದರು? ದುಡಿಯುತ್ತಿದ್ದರು. ಮಗುವಿನ ಬಾಯಾರಿಕೆಯೂ ಒಂದು ರೋಗದ ಗುರುತಾಗಿರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಪ್ಪು ತಾಯಿತಂದೆಯರದಲ್ಲ. ತಿಳಿದದ್ದನ್ನು ಬಡವರ ಬಾಗಿಲಿಗೆ ತಂದು ಹೇಳದ ವ್ಯವಸ್ಥೆಯದು. ಪಕ್ಷಕ್ಕೂ ಈ ರೋಗಕ್ಕೂ ಇರುವ ಸಂಬಂಧ ಇಲ್ಲಿಂದಲೇ ಹೊರಡುತ್ತದೆ.

ಕಾವಲುಗಾರನೇ ತಿರುಗಿಬಿದ್ದಾಗ

ಸಕ್ಕರೆ ಕಾಯಿಲೆ ಒಂದೇ ಹೆಸರಿನದಾದರೂ ಒಂದೇ ರೋಗವಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವುದು ಎರಡನೆಯ ಬಗೆ. ಅಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಅದು ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದನೆಯ ಬಗೆ. ಅಲ್ಲಿ ಇನ್ಸುಲಿನ್ನಿನ ಉತ್ಪಾದನೆಯೇ ನಿಂತುಹೋಗುತ್ತದೆ. ಏಕೆ ನಿಲ್ಲುತ್ತದೆ?

ನಮ್ಮ ಹೊಟ್ಟೆಯಲ್ಲಿ ಜಠರದ ಹಿಂದುಗಡೆ ಮೇದೋಜೀರಕ ಗ್ರಂಥಿ ಎಂಬುದಿದೆ. ಅದರಲ್ಲಿ ಅಲ್ಲಲ್ಲಿ ನಡುಗಡ್ಡೆಗಳಂತೆ ಚದುರಿದ ಜೀವಕೋಶಗಳ ಗುಂಪುಗಳಿವೆ. ೧೮೬೯ರಲ್ಲಿ ಇವನ್ನು ಮೊದಲು ಗುರುತಿಸಿದವನು ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ಈ ನಡುಗಡ್ಡೆಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುವ ಕೆಲಸಗಾರರು. ನಾವು ಉಂಡ ಅನ್ನ ಮುದ್ದೆಗಳು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆ ರಕ್ತದಿಂದ ಅಂಗಾಂಗಗಳ ಒಳಕ್ಕೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಅಂಗಡಿಕಾರ ಮಿತ್ರರಿಗೆ ಹೀಗೆ ಹೇಳಬಹುದು: ಲಾರಿಯಲ್ಲಿ ಮೂಟೆಗಳು ಬಂದು ಬಾಗಿಲ ಮುಂದೆ ಬಿದ್ದಿವೆ, ಗೋದಾಮಿನ ಬೀಗದ ಕೈ ಕಳೆದಿದೆ. ಹೊರಗೆ ಮಾಲು ಕೊಳೆಯುತ್ತದೆ, ಒಳಗೆ ಗೋದಾಮು ಬರಿದು. ಮಗು ತಿಂದರೂ ಸೊರಗುವುದು ಇದರಿಂದಲೇ.

ಆ ಕೆಲಸಗಾರರನ್ನು ಕೊಲ್ಲುವವರು ಯಾರು? ಹೊರಗಿನ ಶತ್ರುವಲ್ಲ. ರೋಗಾಣುಗಳು ಬಂದರೆ ಹೊಡೆದೋಡಿಸಲೆಂದು ದೇಹವೇ ಸಾಕಿಕೊಂಡ ಕಾವಲು ಪಡೆಯೊಂದಿದೆ. ವಂಶದ ಗುಣವೂ ಹೊರಗಿನ ಪ್ರಚೋದನೆಯೂ ಕೂಡಿ ಕೆಲವು ಮಕ್ಕಳಲ್ಲಿ ಈ ಪಡೆ ದಾರಿ ತಪ್ಪುತ್ತದೆ. ತನ್ನವರನ್ನೇ ಪರಕೀಯರೆಂದು ಬಗೆದು ಬೀಟಾ ಕೋಶಗಳ ಮೇಲೆ ಬೀಳುತ್ತದೆ. ಕಳ್ಳರನ್ನು ಹಿಡಿಯಲೆಂದು ಗೇಟಿನಲ್ಲಿ ನಿಲ್ಲಿಸಿದ ಕಾವಲುಗಾರನೇ ಒಳಗೆ ನುಗ್ಗಿ ಮಗ್ಗದ ಮುಂದೆ ನಿಂತವರಿಗೆ ಲಾಠಿ ಬೀಸಿದರೆ ಹೇಗೋ ಹಾಗೆ. ಗೇಟಿನ ಲಾಠಿಯ ರುಚಿ ಕಂಡ ನಮ್ಮ ಕಾರ್ಮಿಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದ ಕೆಲವು ಮಾತುಗಳನ್ನು ಸ್ಪಷ್ಟವಾಗಿ ತಿಳಿದುಕೊಳ್ಳೋಣ. ಈ ರೋಗ ಮಿಠಾಯಿ ತಿಂದದ್ದರಿಂದ ಬರುವುದಿಲ್ಲ. ತಾಯಿಯ ಅಲಕ್ಷ್ಯದಿಂದ ಬರುವುದಿಲ್ಲ. ಪೂರ್ವಜನ್ಮದ ಪಾಪದಿಂದಲೂ ಅಲ್ಲ. ಒಂದು ಮಗುವಿನಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಬಡವ ಬಲ್ಲಿದನೆಂಬ ಭೇದವನ್ನೂ ಇದು ಮಾಡುವುದಿಲ್ಲ. ಭೇದ ಮಾಡುವುದು ಚಿಕಿತ್ಸೆ.

ಒಂದು ಡಾಲರಿನ ಔಷಧಿ

ಇನ್ಸುಲಿನ್ ಸಿಗುವ ಮುಂಚೆ ಈ ರೋಗ ಬಂದ ಮಗುವಿಗೆ ಸಾವು ಖಚಿತವಾಗಿತ್ತು. ಡಾಕ್ಟರರಿಗೆ ತಿಳಿದಿದ್ದ ಒಂದೇ ಉಪಾಯವೆಂದರೆ ಮಗುವನ್ನು ಅರೆಹೊಟ್ಟೆಯಲ್ಲಿ ಇಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದು.

೧೯೨೧ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು, ಮ್ಯಾಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ, ಪ್ರಾಣಿಗಳ ಮೇದೋಜೀರಕದಿಂದ ಇನ್ಸುಲಿನ್ ತೆಗೆದರು. ಕಾಲಿಪ್ ಎಂಬವರು ಅದನ್ನು ಶುದ್ಧಿ ಮಾಡಿದರು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಎಲುಬಿನ ಗೂಡಾಗಿದ್ದ ಆ ಹುಡುಗನ ತೂಕ ಆಗ ೩೦ ಕಿಲೋಗೂ ಕಡಿಮೆ. ಮೊದಲ ಮದ್ದು ಫಲಿಸಲಿಲ್ಲ. ಶುದ್ಧಿ ಮಾಡಿದ ಮದ್ದನ್ನು ಜನವರಿ ೨೩ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ ೧೩ ವರ್ಷ ಬದುಕಿದ.

ಈ ಕಥೆಯ ಮುಂದಿನ ಭಾಗ ನಮಗೆ ಮುಖ್ಯ. ೧೯೨೩ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಮೂವರೂ ಇನ್ಸುಲಿನ್ನಿನ ಪೇಟೆಂಟ್ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲೆಗೆ ಒಂದೊಂದು ಡಾಲರಿನಂತೆ ಬಿಟ್ಟುಕೊಟ್ಟರು. ಕೋಟಿಗಟ್ಟಲೆ ಗಳಿಸಬಹುದಾಗಿದ್ದ ಹಕ್ಕು ಮೂರು ಡಾಲರಿಗೆ ಹೋಯಿತು. ಮಕ್ಕಳ ಪ್ರಾಣದ ಮೇಲೆ ಯಾರೊಬ್ಬರ ಏಕಸ್ವಾಮ್ಯವೂ ಇರಬಾರದೆಂಬ ವಿಚಾರ ಅದರ ಹಿಂದೆ ಇತ್ತು. ಆ ಮೂವರು ಸಮಾಜವಾದಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಸಮಾಜವಾದ ಹೇಳುವ ಮಾತನ್ನೇ ಅವರು ಮಾಡಿ ತೋರಿಸಿದರು.

ರೋಗ ಕಾಣುವ ಮುಂಚೆ

ಇನ್ಸುಲಿನ್ ಪ್ರಾಣ ಉಳಿಸಿತು. ಆದರೆ ರೋಗ ಏಕೆ ಬರುತ್ತದೆಂಬುದು ಇನ್ನೂ ಅರ್ಧ ಶತಮಾನ ತಿಳಿಯಲಿಲ್ಲ. ೧೯೭೪ರಲ್ಲಿ ಲಂಡನ್ನಿನಲ್ಲಿ ಬೊಟ್ಟಾಜೊ ಮತ್ತು ಅವರ ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ಮೇದೋಜೀರಕದ ನಡುಗಡ್ಡೆಗಳ ವಿರುದ್ಧ ಎದ್ದ ಪ್ರತಿಕಾಯಗಳನ್ನು ಕಂಡರು. ಪ್ರತಿಕಾಯವೆಂದರೆ ಕಾವಲು ಪಡೆ ತನ್ನ ಶತ್ರುವಿನ ಮೇಲೆ ಹೊರಡಿಸುವ ವಾರಂಟ್ ಎಂದುಕೊಳ್ಳಿ. ೧೯೮೬ರಲ್ಲಿ ಅಮೆರಿಕದ ಐಸೆನ್‌ಬಾರ್ತ್ ಎಂಬ ವೈದ್ಯರು ಈ ರೋಗ ಒಂದು ದಿನದಲ್ಲಿ ಬರುವುದಲ್ಲ, ವರ್ಷಗಟ್ಟಲೆ ಒಳಗೊಳಗೇ ಹಂತ ಹಂತವಾಗಿ ಸಾಗುವಂಥದೆಂದು ನಿರೂಪಿಸಿದರು.

ಇಂದು ವೈದ್ಯರು ಮೂರು ಹಂತಗಳನ್ನು ಹೇಳುತ್ತಾರೆ. ಒಂದನೆಯದರಲ್ಲಿ ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ರಕ್ತದಲ್ಲಿರುತ್ತವೆ. ಸಕ್ಕರೆಯ ಪ್ರಮಾಣ ಸರಿಯಾಗಿರುತ್ತದೆ, ಮಗು ಆಡಿಕೊಂಡಿರುತ್ತದೆ. ಎರಡನೆಯದರಲ್ಲಿ ಸಕ್ಕರೆ ಏರುಪೇರಾಗತೊಡಗುತ್ತದೆ. ಹೊರಗೆ ಏನೂ ಕಾಣದು. ಮೂರನೆಯದರಲ್ಲಿ ರೋಗ ಹೊರಬೀಳುತ್ತದೆ. ವಾರಂಟ್ ಒಂದೇ ಇದ್ದರೆ ಅದು ರದ್ದಾಗಲೂಬಹುದು. ಎರಡು ಅಥವಾ ಹೆಚ್ಚಾದರೆ ಕಥೆ ಬೇರೆ. ೨೦೧೩ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಅಂತಹ ಮಕ್ಕಳಲ್ಲಿ ೧೦೦ಕ್ಕೆ ಸುಮಾರು ೭೦ ಮಂದಿಗೆ ಹತ್ತು ವರ್ಷದೊಳಗೆ ರೋಗ ಹೊರಬಿತ್ತು.

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ೨೦೧೫ರಿಂದ ಚಿಕ್ಕ ಮಕ್ಕಳ ಬೆರಳಿನ ರಕ್ತ ತೆಗೆದು ಈ ಪ್ರತಿಕಾಯಗಳನ್ನು ಹುಡುಕತೊಡಗಿದರು. ೨೦೧೯ರ ಹೊತ್ತಿಗೆ ೯೦,೬೩೨ ಮಕ್ಕಳ ಪರೀಕ್ಷೆಯಾಯಿತು. ೨೮೦ ಮಕ್ಕಳಲ್ಲಿ ರೋಗದ ಮೊದಲ ಹಂತಗಳು ಕಂಡವು. ಅಂದರೆ ಸಾವಿರಕ್ಕೆ ಮೂವರು. ಆ ಮನೆಗಳವರಿಗೆ ಏನನ್ನು ಗಮನಿಸಬೇಕೆಂದು ಮೊದಲೇ ಹೇಳಿಕೊಟ್ಟದ್ದರಿಂದ, ಮುಂದೆ ರೋಗ ಹೊರಬಿದ್ದಾಗ ಮಂಪರು ಕವಿದು ಆಸ್ಪತ್ರೆಗೆ ಬಂದ ಮಕ್ಕಳು ತೀರ ವಿರಳ. ಇಟಲಿ ದೇಶ ೨೦೨೩ರಲ್ಲಿ ಕಾನೂನನ್ನೇ ಮಾಡಿ, ದೇಶದ ಮಕ್ಕಳೆಲ್ಲರಿಗೂ ಈ ಪರೀಕ್ಷೆ ದೊರೆಯಬೇಕೆಂದು ನಿಶ್ಚಯಿಸಿತು.

ಎರಡು ವರ್ಷದ ಬೆಲೆ

ಮೊದಲೇ ತಿಳಿದರೆ ತಡೆಯಲಾದೀತೇ? ಪೂರ್ತಿ ತಡೆಯಲು ಇಂದಿಗೂ ಸಾಧ್ಯವಾಗಿಲ್ಲ. ಮುಂದೂಡುವುದು ಸಾಧ್ಯವಾಗಿದೆ.

ಟೆಪ್ಲಿಜುಮಾಬ್ ಎಂಬುದು ಒಂದು ಔಷಧಿ. ದಾರಿ ತಪ್ಪಿದ ಕಾವಲುಗಾರರ ಕೈಯನ್ನು ಅದು ಕೆಲ ಕಾಲ ಹಿಡಿದು ನಿಲ್ಲಿಸುತ್ತದೆ. ದಿನಕ್ಕೊಂದರಂತೆ ೧೪ ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ೨೦೧೯ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡನೆಯ ಹಂತದಲ್ಲಿದ್ದ ೭೬ ಮಂದಿ ಇದ್ದರು, ಹೆಚ್ಚಿನವರು ಮಕ್ಕಳು. ಔಷಧಿ ಪಡೆಯದವರ ಪೈಕಿ ಅರ್ಧದಷ್ಟು ಮಂದಿಗೆ ಸುಮಾರು ೨೪ ತಿಂಗಳಲ್ಲಿ ರೋಗ ಹೊರಬಿದ್ದರೆ, ಔಷಧಿ ಪಡೆದವರಲ್ಲಿ ಅಷ್ಟು ಮಂದಿಗೆ ಬರಲು ೪೮ ತಿಂಗಳು ಹಿಡಿಯಿತು. ೨೦೨೨ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ೮ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಇದನ್ನು ಕೊಡಲು ಒಪ್ಪಿಗೆಯಿತ್ತಿತು.

ಎರಡು ವರ್ಷ ಎಂದರೆ ಏನು ಮಹಾ ಎಂದು ಹಗುರವಾಗಿ ನುಡಿಯಬೇಡಿ. ಈ ರೋಗದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಚುಚ್ಚುಮದ್ದು, ಅಷ್ಟೇ ಸಲ ಬೆರಳಿನ ರಕ್ತ. ಎರಡು ವರ್ಷ ಮುಂದೂಡಿದರೆ ಎರಡು ಸಾವಿರಕ್ಕೂ ಹೆಚ್ಚು ಸೂಜಿಗಳು ತಪ್ಪಿದ ಹಾಗಾಯಿತು. ಎಂಟು ವರ್ಷದ ಮಗು ಹತ್ತು ವರ್ಷದ್ದಾಗಿ, ತನಗೆ ಏನಾಗುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡದಾಗಿರುತ್ತದೆ. ಇದು ವಿಜ್ಞಾನದ ನಿಜವಾದ ಗೆಲುವು. ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಆ ಎರಡು ವರ್ಷಕ್ಕೆ ಬೆಲೆ ಎಷ್ಟು ಕಟ್ಟಿದರು ಗೊತ್ತೇ? ಒಂದು ಸೀಸೆಗೆ ೧೩,೮೫೦ ಡಾಲರ್. ಹದಿನಾಲ್ಕು ಸೀಸೆಗೆ ೧,೯೩,೯೦೦ ಡಾಲರ್. ನಮ್ಮ ಹಣದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಈ ಔಷಧಿಯ ಪರೀಕ್ಷೆಗೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಗಳ ಹಣ, ಎಂದರೆ ಅಲ್ಲಿನ ಜನರ ತೆರಿಗೆಯ ಹಣವೂ ಸೇರಿತ್ತು. ಪ್ರಯೋಗಕ್ಕೆ ಮೈಯೊಡ್ಡಿದವರು ಜನರ ಮಕ್ಕಳು. ಒಪ್ಪಿಗೆ ಸಿಕ್ಕ ಮಾರನೆಯ ವರ್ಷ, ೨೦೨೩ರಲ್ಲಿ, ಔಷಧಿಯ ಒಡೆತನವಿದ್ದ ಕಂಪನಿಯನ್ನು ಸನೋಫಿ ಎಂಬ ದೊಡ್ಡ ಕಂಪನಿ ೨೯೦ ಕೋಟಿ ಡಾಲರಿಗೆ ಕೊಂಡುಕೊಂಡಿತು. ೧೯೨೩ರಲ್ಲಿ ಒಂದೊಂದು ಡಾಲರ್; ನೂರು ವರ್ಷದ ಮೇಲೆ ೨೯೦ ಕೋಟಿ ಡಾಲರ್. ರೋಗ ಅದೇ, ಮಕ್ಕಳು ಅಂಥವರೇ. ಬದಲಾದದ್ದು ಲಾಭದ ಹಸಿವು.

ಕಾರ್ಖಾನೆಯ ಸರಕಿನ ಬೆಲೆ ಅದರ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂದು ಡಾಕ್ಟರ್ ಲೋಹಿಯಾ ಅವರು ವಾದಿಸುತ್ತಿದ್ದರು. ಬಟ್ಟೆಗೂ ಸೀಮೆಎಣ್ಣೆಗೂ ಸಲ್ಲುವ ಆ ಮಾತು ಮಗುವಿನ ಔಷಧಿಗೆ ನೂರು ಪಟ್ಟು ಸಲ್ಲಬೇಡವೇ?

ಪಾರ್ಮಾದ ಭಿತ್ತಿಪತ್ರ

ಇಷ್ಟು ಕೇಳಿ ನಿಮಗೆ ನಿರಾಶೆಯಾಗಿರಬಹುದು. ಒಂದೂವರೆ ಕೋಟಿಯ ಔಷಧಿ ನಮಗೆಲ್ಲಿ, ನಾವೆಲ್ಲಿ? ಹಾಗಾದರೆ ನಮ್ಮ ಕೈಲಾಗುವುದು ಏನೂ ಇಲ್ಲವೇ? ಇದೆ. ಅದನ್ನು ಹೇಳಲೆಂದೇ ಇಷ್ಟು ದೂರ ಬಂದೆವು.

"ತಡ" ಎಂಬ ಮಾತಿಗೆ ಇಲ್ಲಿ ಎರಡು ಮುಖ. ಒಂದು, ರೋಗವನ್ನು ತಡ ಮಾಡುವುದು. ಅದಕ್ಕೆ ದೊಡ್ಡ ಹಣ ಬೇಕು; ಬೆಲೆ ಇಳಿಸಲು ದೊಡ್ಡ ಹೋರಾಟ ಬೇಕು. ಇನ್ನೊಂದು, ರೋಗ ಹೊರಬಿದ್ದ ಮೇಲೂ ಅದನ್ನು ಗುರುತಿಸುವುದರಲ್ಲಿ ಆಗುವ ತಡ. ನಮ್ಮ ಮಕ್ಕಳನ್ನು ಕೊಲ್ಲುವುದು ಈ ಎರಡನೆಯ ತಡ. ಇದನ್ನು ತಪ್ಪಿಸಲು ಕೋಟಿ ಬೇಡ, ಲಕ್ಷ ಬೇಡ. ಒಂದು ಭಿತ್ತಿಪತ್ರ ಸಾಕು.

ಇದು ಬರಿಯ ಮಾತಲ್ಲ. ಇಟಲಿಯಲ್ಲಿ ಪಾರ್ಮಾ ಎಂಬ ಜಿಲ್ಲೆಯಿದೆ. ೧೯೮೭ರಿಂದ ೧೯೯೧ರವರೆಗೆ ಅಲ್ಲಿ ಹೊಸದಾಗಿ ಈ ರೋಗ ಪತ್ತೆಯಾದ ಮಕ್ಕಳಲ್ಲಿ ೧೦೦ಕ್ಕೆ ೭೮ ಮಂದಿ ರಕ್ತ ಆಮ್ಲಮಯವಾಗುವ ಅಪಾಯದ ಸ್ಥಿತಿಯಲ್ಲೇ ಆಸ್ಪತ್ರೆಗೆ ಬರುತ್ತಿದ್ದರು. ಇದನ್ನು ಡಾಕ್ಟರರು ಕೀಟೋ ಅಸಿಡೋಸಿಸ್ ಎನ್ನುತ್ತಾರೆ. ಸಕ್ಕರೆ ಒಳಗೆ ಹೋಗದೆ ಇದ್ದಾಗ ದೇಹ ತನ್ನ ಕೊಬ್ಬನ್ನೇ ಉರಿಸುತ್ತದೆ; ಅದರಿಂದ ಹುಟ್ಟುವ ಕೀಟೋನ್ ಎಂಬ ವಸ್ತುಗಳು ರಕ್ತವನ್ನು ಹುಳಿಯಾಗಿಸುತ್ತವೆ. ವಾಂತಿ, ಏದುಸಿರು, ಮಂಪರು, ಕಡೆಗೆ ಪ್ರಾಣಾಪಾಯ.

೧೯೯೧ರಲ್ಲಿ ಅಲ್ಲಿನ ಮಕ್ಕಳ ವೈದ್ಯರು ಒಂದು ಭಿತ್ತಿಪತ್ರ ಮಾಡಿಸಿ ಜಿಲ್ಲೆಯ ೧೭೭ ಶಾಲೆಗಳ ಗೋಡೆಗೆ ಹಚ್ಚಿದರು. ಮಗು ಹೆಚ್ಚು ನೀರು ಕುಡಿಯುತ್ತಿದೆಯೇ, ಹೆಚ್ಚು ಮೂತ್ರ ಮಾಡುತ್ತಿದೆಯೇ, ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುತ್ತಿದೆಯೇ ಎಂಬಂಥ ನಾಲ್ಕು ಸರಳ ಮಾತುಗಳು. ಊರಿನ ಮಕ್ಕಳ ಡಾಕ್ಟರರ ಕೈಗೆ ಸಕ್ಕರೆ ನೋಡುವ ಸಲಕರಣೆ ಕೊಟ್ಟರು. ಅಷ್ಟೇ. ಮುಂದಿನ ಆರು ವರ್ಷಗಳಲ್ಲಿ ಆ ೭೮ ಎಂಬುದು ಹನ್ನೆರಡೂವರೆಗೆ ಇಳಿಯಿತು.

ಬಂಧುಗಳೇ, ಭಿತ್ತಿಪತ್ರ ಅಂಟಿಸುವುದನ್ನು ನಮ್ಮ ಕಾರ್ಯಕರ್ತರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಟ್ಟಿನ ಅಂಟು, ಪೊರಕೆ ಹಿಡಿದು ರಾತ್ರಿಯೆಲ್ಲ ಊರು ತಿರುಗಿದವರು ನಾವು. ಪಾರ್ಮಾದವರು ಮಾಡಿದ್ದನ್ನು ನಾವೇಕೆ ಮಾಡಬಾರದು?

ನಾಲ್ಕು ಬಕಾರಗಳು

ನಮ್ಮ ಭಿತ್ತಿಪತ್ರದಲ್ಲಿ ನಾಲ್ಕು ಮಾತು ಇರಲಿ. ನಾಲ್ಕೂ "ಬ" ಅಕ್ಷರದಿಂದ ಹೊರಡುವುದರಿಂದ ನೆನಪಿಡುವುದು ಸುಲಭ. ಒಂದು, ಬಾಯಾರಿಕೆ: ಎಷ್ಟು ಕುಡಿದರೂ ಹಿಂಗದ ದಾಹ. ಎರಡು, ಬಹುಮೂತ್ರ: ಪದೇ ಪದೇ ಮೂತ್ರ, ರಾತ್ರಿ ಎದ್ದೆದ್ದು ಹೋಗುವುದು, ಬಿಟ್ಟ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡುವುದು, ಮೂತ್ರಕ್ಕೆ ಇರುವೆ ಮುತ್ತುವುದು. ಮೂರು, ಬಡಕಲು: ಉಂಡರೂ ಮೈ ಇಳಿಯುವುದು. ನಾಲ್ಕು, ಬಳಲಿಕೆ: ಆಡುತ್ತಿದ್ದ ಮಗು ಮೂಲೆ ಸೇರುವುದು. ಇವು ತಿಂಗಳುಗಟ್ಟಲೆ ಕಾಯುವ ಗುರುತುಗಳಲ್ಲ. ದಿನಗಳಲ್ಲಿ, ವಾರಗಳಲ್ಲಿ ಬಿರುಸಾಗುತ್ತವೆ.

ಈ ನಾಲ್ಕರಲ್ಲಿ ಎರಡು ಕಂಡರೂ ಆ ದಿನವೇ ಮಗುವಿನ ಬೆರಳಿನ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಿಸಬೇಕು. ಗ್ಲುಕೋಮೀಟರ್ ಎಂಬ ಅಂಗೈಯಷ್ಟು ಯಂತ್ರದಲ್ಲಿ ಒಂದು ನಿಮಿಷದ ಕೆಲಸ. ಈ ಗುರುತುಗಳಿರುವ ಮಗುವಿನ ರಕ್ತದಲ್ಲಿ ಯಾವ ಹೊತ್ತಿನಲ್ಲಾದರೂ ಸಕ್ಕರೆ ೨೦೦ ಅಥವಾ ಅದಕ್ಕೆ ಮೇಲೆ ಇದ್ದರೆ ಅದು ಸಕ್ಕರೆ ಕಾಯಿಲೆ. "ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಯಾರಾದರೂ ಹೇಳಿದರೆ, "ಈಗಲೇ ನೋಡಿ ಸ್ವಾಮಿ" ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿ. ಅದೇ ದಿನ ದೊಡ್ಡಾಸ್ಪತ್ರೆಗೆ ಹೊರಡಿ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಇವು ಸೇರಿದ್ದರೆ ಒಂದು ಗಂಟೆಯೂ ಕಾಯಬಾರದು.

ರೋಗವೆಂದು ತಿಳಿದ ಮೇಲೆ ಇನ್ಸುಲಿನ್ ಜೀವನಪರ್ಯಂತ ಬೇಕು. ಬೇರು ನಾರಿನಿಂದ, ಪಥ್ಯದಿಂದ, ಹರಕೆಯಿಂದ ಇದನ್ನು ಗುಣಪಡಿಸುತ್ತೇವೆಂದು ಹೇಳಿ ಇನ್ಸುಲಿನ್ ಬಿಡಿಸುವವರು ಬರುತ್ತಾರೆ. ಅವರ ಮಾತು ಕೇಳಿದರೆ ಮಗು ಕೈಬಿಡುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲವೆಂದು ಹೆದರಬೇಡಿ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಮಡಕೆಯನ್ನಿಟ್ಟು, ಸೀಸೆಯನ್ನು ಅದರಲ್ಲಿಟ್ಟು ನೆರಳಿನಲ್ಲಿ ಇರಿಸಿದರೆ ಬೇಸಿಗೆಯಲ್ಲೂ ಔಷಧಿ ತಂಪಾಗಿರುತ್ತದೆ. ಮಗು ಬೆವತು ನಡುಗಿದರೆ ಸಕ್ಕರೆ ಇಳಿದಿದೆ ಎಂದು ತಿಳಿದು, ಎಚ್ಚರವಿರುವಾಗಲೇ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಿಸಿ. ಇಷ್ಟು ಎಚ್ಚರಿಕೆಯಿದ್ದರೆ ಈ ಮಕ್ಕಳು ಓದುತ್ತಾರೆ, ಆಡುತ್ತಾರೆ, ದುಡಿಯುತ್ತಾರೆ, ಸಂಸಾರ ಮಾಡುತ್ತಾರೆ. ಹೆಣ್ಣುಮಗಳಾದರೆ ಮದುವೆಗೆ ತೊಡಕೆಂದು ರೋಗ ಮುಚ್ಚಿಡುವುದು, ಗಂಡಾದರೆ ಸಾಲ ಮಾಡಿ ಔಷಧಿ ತರುವುದು, ಈ ತಾರತಮ್ಯ ನಮ್ಮ ಮನೆಗಳಲ್ಲಿ ಇರಕೂಡದು. ಸಮಾನತೆ ಮೊದಲು ಮನೆಯಲ್ಲಿ ಬರಲಿ, ಆಮೇಲೆ ಅದನ್ನು ವೇದಿಕೆಯಲ್ಲಿ ಹೇಳೋಣ.

ನಮ್ಮ ಬೇಡಿಕೆ, ನಮ್ಮ ಕೆಲಸ

ಇದು ಎಲ್ಲೋ ದೂರದ ಸಂಗತಿಯೆಂದು ತಿಳಿಯಬೇಡಿ. ೨೦೧೯ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ೧೫ ವರ್ಷದೊಳಗಿನ ಸುಮಾರು ೯೫,೬೦೦ ಮಕ್ಕಳಿಗೆ ಈ ರೋಗವಿತ್ತು. ವರ್ಷಕ್ಕೆ ಸುಮಾರು ೧೫,೯೦೦ ಮಕ್ಕಳು ಹೊಸದಾಗಿ ಸೇರುತ್ತಿದ್ದರು. ಗುರುತು ಸಿಗದೆ, ಜ್ವರವೆಂದೋ ವಾಂತಿಭೇದಿಯೆಂದೋ ಹೆಸರು ಪಡೆದು ಮಣ್ಣಾದ ಮಕ್ಕಳು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಆದುದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು.

ಮೊದಲನೆಯದು: ಸಕ್ಕರೆ ಕಾಯಿಲೆಯ ಸರ್ಕಾರಿ ತಪಾಸಣೆ ೩೦ ವರ್ಷ ದಾಟಿದವರಿಗೆಂದು ಗೊತ್ತುಮಾಡಿದೆ. ಆರೋಗ್ಯ ಕೇಂದ್ರದ ಮೇಜಿನ ಮೇಲೆ ಯಂತ್ರವಿದೆ, ಪಟ್ಟಿಯಲ್ಲಿ ಮಗುವಿಲ್ಲ. ಗುರುತು ಕಂಡ ಯಾವ ಮಗುವಿಗೂ, ಯಾವ ವಯಸ್ಸಿನದಾದರೂ, ಅಲ್ಲೇ ಆಗಲೇ ರಕ್ತ ನೋಡಬೇಕೆಂದು ಆಜ್ಞೆಯಾಗಲಿ. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೂ ಶಾಲೆಯ ಮೇಷ್ಟರುಗಳಿಗೂ ನಾಲ್ಕು ಬಕಾರಗಳನ್ನು ಕಲಿಸಲಿ.

ಎರಡನೆಯದು: ಇನ್ಸುಲಿನ್, ಸೂಜಿ, ರಕ್ತ ನೋಡುವ ಪಟ್ಟಿಗಳು, ಈ ಮೂರೂ ಮಕ್ಕಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ, ಬಿಟ್ಟಿಯಾಗಿ ಸಿಗಲಿ. ನೆರೆಯ ಕೇರಳದಲ್ಲಿ "ಮಿಠಾಯಿ" ಎಂಬ ಹೆಸರಿನ ಸರ್ಕಾರಿ ಯೋಜನೆ ಈ ಮಕ್ಕಳಿಗಾಗಿಯೇ ಹುಟ್ಟಿದೆ. ಅಲ್ಲಿ ಆಗುವುದು ಇಲ್ಲಿ ಏಕಾಗದು? ಮಿಲ್ ಕಾರ್ಮಿಕನಿಗೆ ೧೯೪೮ರ ಕಾಯಿದೆಯಿಂದ ಬಂದ ಇ.ಎಸ್.ಐ. ಇದೆ, ಅದರಲ್ಲಿ ಅವನ ಮಕ್ಕಳ ಚಿಕಿತ್ಸೆಯೂ ಸೇರಿದೆ, ಆ ಹಕ್ಕನ್ನು ಬಿಡಬೇಡಿ. ಆದರೆ ಕೊತ್ತಂಬರಿ ಮಾರುವವನಿಗೆ, ಪೆಟ್ಟಿಗೆ ಅಂಗಡಿಯವನಿಗೆ ಇ.ಎಸ್.ಐ. ಇಲ್ಲ. ಕಾರ್ಮಿಕನೂ ವ್ಯಾಪಾರಿಯೂ ಒಂದೇ ಸಾಲಿನಲ್ಲಿ ನಿಂತು ಕೇಳಬೇಕಾದ ಹಕ್ಕು ಇದು.

ಮೂರನೆಯದು: ಒಂದು ಮಗುವಿಗೆ ರೋಗವಿದ್ದರೆ ಅದರ ಅಣ್ಣತಮ್ಮ ಅಕ್ಕತಂಗಿಯರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಪ್ರತಿಕಾಯದ ಪರೀಕ್ಷೆ ಮೊದಲು ಅವರಿಗೆ ಸರ್ಕಾರದ ವೆಚ್ಚದಲ್ಲಿ ದೊರೆಯಲಿ. ಆದರೆ ಹೊಸದಾಗಿ ರೋಗ ಬರುವ ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಮಂದಿಯ ಮನೆಯಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದಿಲ್ಲವೆಂಬುದನ್ನೂ ಮರೆಯಬೇಡಿ. ಆದ್ದರಿಂದಲೇ ಭಿತ್ತಿಪತ್ರದ ಕೆಲಸ ಮೊದಲು.

ನಾಲ್ಕನೆಯದು: ರೋಗವನ್ನು ಮುಂದೂಡುವ ಔಷಧಿ ಲಾಭಕೋರರ ತಿಜೋರಿಯಲ್ಲಿ ಬಂದಿಯಾಗಿರಬಾರದು. ಅದರ ಬೆಲೆ ಕಟ್ಟುವಾಗ ಮಗುವಿನ ಪ್ರಾಣ ಒಂದು ತಕ್ಕಡಿಯಲ್ಲಿರಲಿ, ಕಂಪನಿಯ ಷೇರು ಇನ್ನೊಂದರಲ್ಲಿರುವುದು ಬೇಡ.

ಐದನೆಯದು: ಶಾಲೆಗಳಲ್ಲಿ ಈ ಮಕ್ಕಳಿಗೆ ನೀರು ಕುಡಿಯಲು, ಹೊರಗೆ ಹೋಗಲು, ಹೊತ್ತಿಗೆ ಸರಿಯಾಗಿ ತಿನ್ನಲು, ಚುಚ್ಚಿಕೊಳ್ಳಲು ಅಡ್ಡಿಯಿರಬಾರದು. ಪರೀಕ್ಷೆಯ ಕೋಣೆಗೆ ತಿಂಡಿ ನೀರು ಒಯ್ಯಲು ಸಿ.ಬಿ.ಎಸ್.ಇ. ಮಂಡಳಿ ೨೦೧೭ರಲ್ಲೇ ಅಪ್ಪಣೆ ಕೊಟ್ಟಿತು. ಆ ಸೌಲಭ್ಯ ನಮ್ಮ ಕನ್ನಡ ಶಾಲೆಯ ಪ್ರತಿಯೊಂದು ಮಗುವಿಗೂ ಇರಲಿ.

ಸರ್ಕಾರ ಮಾಡಲಿ ಎಂದು ಕಾಯುತ್ತ ಕೂಡುವುದು ನಮ್ಮ ಪದ್ಧತಿಯಲ್ಲ. ಈ ವಾರವೇ ನಾಲ್ಕು ಬಕಾರಗಳ ಭಿತ್ತಿಪತ್ರ ಬರೆಯೋಣ. ಮಿಲ್ಲಿನ ಗೇಟಿನಲ್ಲಿ ಒಂದು, ಕ್ಯಾಂಟೀನಿನಲ್ಲಿ ಒಂದು, ಪ್ರತಿ ಶಾಲೆಯ ಗೋಡೆಗೆ ಒಂದು. ವ್ಯಾಪಾರಿ ಮಿತ್ರರಲ್ಲಿ ನಮ್ಮದೊಂದು ವಿಶೇಷ ವಿನಂತಿ: ಊರಿನ ತಾಯಂದಿರೆಲ್ಲ ಬಂದು ನಿಲ್ಲುವುದು ನಿಮ್ಮ ಅಂಗಡಿಯ ಮುಂದೆ. ಸಕ್ಕರೆ ತೂಗುವ ತಕ್ಕಡಿಯ ಮೇಲೇ ಈ ಕಾಗದ ಅಂಟಿಸಿ. ಮಗುವಿಗೆ ಬಹಳ ಬಾಯಾರಿಕ�ೆ ಎಂದು ಯಾವ ತಾಯಿಯಾದರೂ ಹೇಳಿದರೆ ಅದರ ಕಡೆ ಬೊಟ್ಟು ಮಾಡಿ.

ವಿಜ್ಞಾನ ಈ ರೋಗವನ್ನು ಎರಡು ವರ್ಷ ಮುಂದೂಡಿದೆ. ಅದು ಎಲ್ಲ ಮಕ್ಕಳ ಪಾಲಿಗೂ ಬರುವವರೆಗೆ ಹೋರಾಡೋಣ. ಅಲ್ಲಿಯವರೆಗೆ, ನಮ್ಮ ಊರಿನಲ್ಲಿ ಒಂದು ಮಗುವೂ "ತಡವಾಗಿ ತಂದಿರಿ" ಎಂಬ ಮಾತಿಗೆ ಬಲಿಯಾಗದಂತೆ ನೋಡಿಕೊಳ್ಳೋಣ. ರೋಗ ತಡವಾಗಲಿ, ಪತ್ತೆ ತಡವಾಗದಿರಲಿ. ಭಿತ್ತಿಪತ್ರ ಬರೆಯಲು ಕೈ ಬೇಕಾಗಿದೆ. ಸಭೆ ಮುಗಿದ ಮೇಲೆ ಹೆಸರು ಕೊಟ್ಟು ಹೋಗಿ.